ಬೆಂಡೆಕಾಯಿಯೊಳಗೆ ಒಂದು 256

ತರಕಾರಿಯಲ್ಲಿ ಕೀಟನಾಶಕ ಸಿಕ್ಕಿತು ಅಂತ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಬೆಂಡೆಕಾಯಿಗೆ ಉಪ್ಪುನೀರಿನ ಸ್ನಾನ. ತಮಾಷೆ ಅಂದ್ರೆ, ಆ ವಿಷ ಹುಡುಕುವ ಲ್ಯಾಬಿನಲ್ಲೂ ಉಪ್ಪಿನದೇ ಕಾರುಬಾರು.

ಅಲ್ಲಿ ರುಬ್ಬಿದ ಬೆಂಡೆಯ ಲೋಳೆ 10 ಗ್ರಾಂ ತೂಗಿ ಕೊಳವೆಗೆ ಹಾಕುತ್ತಾರೆ. ಮೇಲೆ 10 ಮಿ.ಲೀ. ಅಸಿಟೋನೈಟ್ರೈಲ್. ಈ ದ್ರಾವಕ ನೀರಿನ ಜೊತೆ ಸಲೀಸಾಗಿ ಬೆರೆಯುತ್ತದೆ. ಆಮೇಲೆ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಅಡುಗೆ ಉಪ್ಪು ಸುರಿದು ಕುಲುಕಿದರೆ ಕೊಳವೆ ಕೈಯಲ್ಲೇ ಬಿಸಿಯಾಗುತ್ತದೆ. ಉಪ್ಪು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ದ್ರಾವಕ ಕೀಟನಾಶಕವನ್ನು ಹೊತ್ತು ಮೇಲೆ ತೇಲುತ್ತದೆ, ಮಜ್ಜಿಗೆ ಕಡೆದಾಗ ಬೆಣ್ಣೆ ಬಂದ ಹಾಗೆ. 2003ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 'ಕ್ವೆಚರ್ಸ್' ಅಂತ ಹೆಸರು.

ಮುಂದಿನದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳನ್ನು ತೂಗುವ ಯಂತ್ರ. ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಹುಡುಕಬೇಕು ಅನ್ನಿ. ಯಂತ್ರದ ಲೆಕ್ಕದಲ್ಲಿ ಅದರ ಅಣುವಿನ ತೂಕ 256. ಯಂತ್ರ ಜಾತ್ರೆಯ ಬಾಗಿಲಲ್ಲಿ ನಿಂತು 256 ತೂಗುವವರನ್ನು ಮಾತ್ರ ಒಳಗೆ ಬಿಡುತ್ತದೆ. ಬಂದವರನ್ನು ತೆಂಗಿನಕಾಯಿ ಥರ ಒಡೆಯುತ್ತದೆ. 209, 175ರ ಚೂರು ಬಿದ್ದರೆ ಕಳ್ಳ ಅವನೇ! ಕೆಜಿಗೆ 0.01 ಮಿ.ಗ್ರಾಂ ಇದ್ದರೂ ಸಾಕು. ಅಂದರೆ 25 ಕೆಜಿಯ 40 ಅಕ್ಕಿ ಮೂಟೆಗಳಲ್ಲಿ ಅರ್ಧ ಕಾಳು.

ಅಷ್ಟು ಸಣ್ಣದು ಸಿಕ್ಕಿದ ಮಾತ್ರಕ್ಕೆ ಕಾಯಿಲೆ ಬರುತ್ತಾ? ಪ್ರಾಣಿಗಳಿಗೆ ತೊಂದರೆ ಕಾಣದ ಪ್ರಮಾಣವನ್ನು 100ರಿಂದ ಭಾಗಿಸಿ ಮನುಷ್ಯರ ಮಿತಿ ಹಾಕುತ್ತಾರೆ. ಇಮಿಡಾಕ್ಲೋಪ್ರಿಡ್‌ಗೆ ಅದು ದಿನಕ್ಕೆ, ದೇಹದ ಪ್ರತಿ ಕೆಜಿ ತೂಕಕ್ಕೆ 0.06 ಮಿ.ಗ್ರಾಂ. ಬೆಂಡೆಯಲ್ಲಿ ಕೆಜಿಗೆ 0.2 ಮಿ.ಗ್ರಾಂ ಉಳಿದಿದೆ ಅಂದುಕೊಳ್ಳಿ. 60 ಕೆಜಿಯವರು ಆ ಮಿತಿ ಮುಟ್ಟಲು ದಿನಾ 18 ಕೆಜಿ ತಿನ್ನಬೇಕು. 12 ಕೆಜಿಯ ಮಗುವಿಗೆ 3.6 ಕೆಜಿ ಸಾಕು.

ಹಾಗಂತ ಭಯವೆಲ್ಲ ಸುಮ್ನೆ ಅಲ್ಲ. 1958ರಲ್ಲಿ ಕೇರಳದಲ್ಲಿ ಆಹಾರಕ್ಕೆ ಪ್ಯಾರಾಥಿಯಾನ್ ಅನ್ನೋ ಕೀಟನಾಶಕ ಬೆರೆತು 100ಕ್ಕೂ ಹೆಚ್ಚು ಜನ ಸತ್ತರು. 1968ರ ಕೀಟನಾಶಕ ಕಾಯ್ದೆಯ ಹಿಂದೆ ಆ ಸಾವುಗಳಿವೆ. ಈಗಲೂ ನಮ್ಮ ತಟ್ಟೆಗೆ ಬರೋದು ಒಂದೇ ಔಷಧಿಯಲ್ಲ, ನಾಲ್ಕೈದು ಒಟ್ಟಿಗೆ ಬರಬಹುದು. ಮೇಲಿನ ಲೆಕ್ಕ ಒಂದೊಂದಕ್ಕೇ ಹಾಕಿದ್ದು.

ಉಪ್ಪುನೀರು? ಸಿಪ್ಪೆಯ ಮೇಲಿನದನ್ನು ನಲ್ಲಿ ನೀರೂ ಸುಮಾರಾಗಿ ತೊಳೆಯುತ್ತದೆ. ಇಮಿಡಾಕ್ಲೋಪ್ರಿಡ್ ಗಿಡದ ಒಳಗೇ ಹರಿಯುವಂಥದ್ದು, ಸ್ನಾನಕ್ಕೆ ಬಗ್ಗೋದಿಲ್ಲ. ಹೊಲದಲ್ಲಿ ದಿನ ಕಳೆದಂತೆ ತಾನೇ ಕರಗಬೇಕು. ಅದಕ್ಕೇ ಸಿಂಪಡಿಸಿದ ಮೇಲೆ ಇಷ್ಟು ದಿನ ಕೊಯ್ಯಬೇಡಿ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಬೆಂಡೆಯನ್ನೋ ದಿನ ಬಿಟ್ಟು ದಿನ ಕೀಳದಿದ್ದರೆ ಬಲಿತು ನಾರಾಗುತ್ತದೆ. ಬಲಿತದ್ದನ್ನು ನಾವ್ಯಾರೂ ಕೊಳ್ಳೋದಿಲ್ಲ, ತುದಿ ಮುರಿದು ನೋಡಿ ಪಕ್ಕಕ್ಕೆ ಇಡ್ತೀವಿ.