1991ರ ಆರ್ಥಿಕ ಸುಧಾರಣೆ: ಸಿದ್ಧಾಂತ ಎಲ್ಲಿ ಬಗ್ಗಿತು, ಎಲ್ಲಿ ಬಗ್ಗಲಿಲ್ಲ

ದೇಶ ನಡೆಸಲು ಸಿದ್ಧಾಂತ ಮುಖ್ಯವೋ, ವ್ಯಾವಹಾರಿಕ ದೃಷ್ಟಿ ಮುಖ್ಯವೋ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ಬಂದರೆ ನಾವು ವ್ಯಾಖ್ಯಾನ ಬರೆದೇ ಪುಟ ತುಂಬಿಸುತ್ತೇವೆ. ಅದರ ಬದಲು 1991ರ ಜುಲೈ ತಿಂಗಳನ್ನು ಸರಿಯಾಗಿ ಓದಿಕೊಳ್ಳಿ. ಬರೆಯಲು ಬೇಕಾದಷ್ಟು ಅಲ್ಲೇ ಸಿಗುತ್ತದೆ.

ಹಿನ್ನೆಲೆ ಚಿಕ್ಕದಾಗಿ. 1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ಸಮಾಜವಾದಿ ಮಾದರಿಯ ಸಮಾಜವೇ ತನ್ನ ಗುರಿ ಎಂದಿತು. 1956ರ ಕೈಗಾರಿಕಾ ನೀತಿ 17 ಉದ್ಯಮಗಳನ್ನು ಸರ್ಕಾರಕ್ಕೆ ಮೀಸಲಿಟ್ಟಿತು. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. 1976ರಲ್ಲಿ ಸಂವಿಧಾನದ ಪೀಠಿಕೆಗೆ 'ಸಮಾಜವಾದಿ' ಎಂಬ ಪದ ಸೇರಿತು. ಇಷ್ಟು ವರ್ಷ ಜನರ ಮುಂದೆ ಹೇಳಿಕೊಂಡು ಬಂದ ಮಾತನ್ನು ಯಾವ ಪಕ್ಷವೂ ಒಂದೇ ದಿನದಲ್ಲಿ ಬಿಡಲಾಗದು, ಅಲ್ವಾ?

1991ರ ಜೂನ್ 21ರಂದು ಪಿ. ವಿ. ನರಸಿಂಹ ರಾವ್ ಪ್ರಧಾನಿಯಾದಾಗ ಅವರಿಗೆ ಲೋಕಸಭೆಯಲ್ಲಿ ಬಹುಮತ ಇರಲಿಲ್ಲ. ಕೊಲ್ಲಿ ಯುದ್ಧದಿಂದ ತೈಲ ಬೆಲೆ ಏರಿತ್ತು, ಸಾಲ ಬೆಳೆದಿತ್ತು. ಖಜಾನೆಯಲ್ಲಿದ್ದ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಜುಲೈ ಮೊದಲ ವಾರದಲ್ಲಿ ಎರಡು ಬಾರಿ ರೂಪಾಯಿ ಅಪಮೌಲ್ಯವಾಯಿತು, ಅಂದರೆ ವಿದೇಶಿ ಹಣದ ಎದುರು ಅದರ ಬೆಲೆಯನ್ನು ಇಳಿಸಲಾಯಿತು. ಅದೇ ತಿಂಗಳು ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ವಿದೇಶಕ್ಕೆ ಕಳಿಸಿ ಅಡವಿಟ್ಟಿತು.

ಜುಲೈ 24ಕ್ಕೆ ಬನ್ನಿ. ಅಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಕೆಲವು ಗಂಟೆ ಮೊದಲು ಹೊಸ ಕೈಗಾರಿಕಾ ನೀತಿ ಸದನದ ಮುಂದೆ ಬಂದಿತ್ತು. ನನ್ನ ಪ್ರಕಾರ ದೊಡ್ಡ ಬದಲಾವಣೆ ಇದೇ. 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಲೈಸೆನ್ಸ್ ಬೇಡವಾಯಿತು. ಸರ್ಕಾರಕ್ಕೆ ಮೀಸಲಾಗಿದ್ದ ಉದ್ಯಮಗಳು 8ಕ್ಕೆ ಇಳಿದವು. ಕೈಗಾರಿಕಾ ಖಾತೆ ರಾವ್ ಅವರ ಬಳಿಯೇ ಇತ್ತು. ಆದರೂ ಅದನ್ನು ಮಂಡಿಸಿದ್ದು ರಾಜ್ಯ ಸಚಿವ ಪಿ. ಜೆ. ಕುರಿಯನ್.

ಆ ನೀತಿಯ ಪೀಠಿಕೆಯನ್ನೂ ಓದಿ. ನೆಹರೂ, ಇಂದಿರಾ, ರಾಜೀವ್ ಮೂವರನ್ನೂ ನೆನೆಯುತ್ತದೆ. ಮೊದಲ ಕರಡಿಗೆ ಸಂಪುಟದಲ್ಲೇ ವಿರೋಧ ಬಂದಿತ್ತು. ಆಮೇಲೆ ಈ ಪೀಠಿಕೆ ಸೇರಿತು, ಒಳಗಿನ ವಿಷಯ ಹೆಚ್ಚು ಬದಲಾಗಲಿಲ್ಲ ಎಂದು ಆಗ ಪ್ರಧಾನಿ ಕಚೇರಿಯಲ್ಲಿದ್ದ ಜೈರಾಂ ರಮೇಶ್ ಬರೆದಿದ್ದಾರೆ. ಇದನ್ನು ಸುಮ್ನೆ ಅಲಂಕಾರ ಎಂದು ತಳ್ಳಿಹಾಕಬೇಡಿ. ಪಕ್ಷದವರು ಊರಿಗೆ ಹೋಗಿ ಮತದಾರರಿಗೆ ಉತ್ತರ ಕೊಡಬೇಕಿತ್ತು. ಹಳೆಯ ಹಾದಿಯನ್ನೇ ಮುಂದುವರಿಸಿದ್ದೇವೆ ಎಂದು ಹೇಳಲು ಅವರಿಗೆ ಮಾತು ಬೇಕಿತ್ತು. ಪೀಠಿಕೆ ಅದನ್ನು ಕೊಟ್ಟಿತು.

ಆದರೆ ಮಾತಿನಿಂದ ಎಲ್ಲವೂ ದಾಟಲಿಲ್ಲ. ಬಜೆಟ್‌ನಲ್ಲಿ ರಸಗೊಬ್ಬರ ಬೆಲೆ 40 ಶೇಕಡಾ ಏರಿತು. ಕಾಂಗ್ರೆಸ್ ಸಂಸದರೇ ತಿರುಗಿಬಿದ್ದರು. ಆಗಸ್ಟ್‌ನಲ್ಲಿ ಏರಿಕೆ 30ಕ್ಕೆ ಇಳಿಯಿತು, ಸಣ್ಣ ರೈತರಿಗೆ ವಿನಾಯಿತಿ ಸಿಕ್ಕಿತು. ಕಾರ್ಮಿಕ ಕಾನೂನುಗಳು ಹಾಗೇ ಉಳಿದವು. ಕೆಲವು ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೇ ಮೀಸಲಿಟ್ಟಿದ್ದ ನಿಯಮವೂ ಉಳಿಯಿತು. ಅಂದರೆ ಬಿಕ್ಕಟ್ಟು ದಿಕ್ಕನ್ನು ಬದಲಿಸಿತು. ಎಷ್ಟು ದೂರ ಹೋಗಬಹುದು ಎಂಬುದನ್ನು ಹಳೆಯ ನಂಬಿಕೆಗಳೇ ತೀರ್ಮಾನಿಸಿದವು. ಉತ್ತರದಲ್ಲಿ ಈ ಅಂಶಕ್ಕೆ ಜಾಸ್ತಿ ಜಾಗ ಕೊಡಿ.

ಮುಂದೆ 1996. ಎಚ್. ಡಿ. ದೇವೇಗೌಡರ ಸಂಯುಕ್ತ ರಂಗ ಸರ್ಕಾರದಲ್ಲಿ ಕಮ್ಯುನಿಸ್ಟ್ ಪಕ್ಷವಾದ ಸಿಪಿಐನ ಸಚಿವರಿದ್ದರು. ಆ ಸರ್ಕಾರವೇ ಬಂಡವಾಳ ಹಿಂತೆಗೆತ (ಸರ್ಕಾರಿ ಕಂಪನಿಗಳಲ್ಲಿನ ಸರ್ಕಾರದ ಪಾಲಿನ ಮಾರಾಟ) ಆಯೋಗ ರಚಿಸಿತು. 1997ರ ಬಜೆಟ್‌ನಲ್ಲಿ ಆದಾಯ ತೆರಿಗೆಯ ಗರಿಷ್ಠ ದರವನ್ನು 40ರಿಂದ 30 ಶೇಕಡಾಕ್ಕೆ ಇಳಿಸಿತು. ಸುಧಾರಣೆಯನ್ನು ವಿರೋಧಿಸಿದವರೂ ಅಧಿಕಾರಕ್ಕೆ ಬಂದಾಗ ಅದೇ ದಾರಿಯಲ್ಲಿ ನಡೆದರು.

ರಾವ್ ಅವರ ವಿಧಾನ ಆ ತಿಂಗಳಿಗೆ ಸರಿಯಾಗಿತ್ತು ಎಂದೇ ನಾನು ನಂಬುತ್ತೇನೆ. ಆದರೆ ಅದಕ್ಕೆ ಬೆಲೆಯೂ ಇತ್ತು. ಸದ್ದಿಲ್ಲದೆ ಮಾಡಿದ ಸುಧಾರಣೆಯನ್ನು ಜನರ ಮುಂದೆ ವಾದಿಸಿ ಗೆಲ್ಲುವ ಅಭ್ಯಾಸ ನಮ್ಮ ಪಕ್ಷಗಳಿಗೆ ಬರಲಿಲ್ಲ. 2020ರ ಕೃಷಿ ಕಾನೂನುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾನೂನು. ಆ ಸರ್ಕಾರಕ್ಕೆ ಭಾರಿ ಬಹುಮತ ಇತ್ತು. ಆದರೂ ದೆಹಲಿ ಗಡಿಯಲ್ಲಿ ಒಂದು ವರ್ಷ ಕೂತ ರೈತರ ಮುಂದೆ 2021ರ ನವೆಂಬರ್‌ನಲ್ಲಿ ಅದು ಕಾನೂನುಗಳನ್ನು ಹಿಂಪಡೆಯಬೇಕಾಯಿತು. ಬಹುಮತ ಇಲ್ಲದ ಸರ್ಕಾರದ ನೀತಿ ಉಳಿದು, ಬಹುಮತ ಇದ್ದ ಸರ್ಕಾರದ ಕಾನೂನು ಬಿದ್ದದ್ದು ಯಾಕೆ ಎಂದು ಒಂದು ಪುಟದಲ್ಲಿ ಬರೆದು ಅಭ್ಯಾಸ ಮಾಡಿ.