ಒಂದೇ ಡಿಸ್ಕ್, ಎರಡು ಲೆಕ್ಕದ ಪುಸ್ತಕ

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಮಕ್ಕಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆ ಉಬುಂಟು (ಲಿನಕ್ಸ್ ಬಳಗದ ಆಪರೇಟಿಂಗ್ ಸಿಸ್ಟಂ) ಇರುವುದು ಈಗ ಮಾಮೂಲಿ. ಕೋಡಿಂಗ್‌ಗೆ ಉಬುಂಟು. ಗೇಮ್‌ಗೆ, ಅಪ್ಪನ ಸಂಘದ ಪತ್ರಗಳನ್ನು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುವುದಕ್ಕೆ ವಿಂಡೋಸ್. ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಆರಿಸಿಕೊಂಡರೆ ಆಯಿತು. ಅಲ್ಲಿಟ್ಟ ಫೈಲ್ ಇಲ್ಲಿ ಬೇಕಾದಾಗಲೇ ತಕರಾರು ಶುರು.

ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ, ಯಾವ ಜಾಗ ಖಾಲಿ ಎನ್ನುವುದನ್ನೆಲ್ಲ ಫೈಲ್ ಸಿಸ್ಟಂ ಬರೆದಿಡುತ್ತದೆ, ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ವಿಂಡೋಸ್ ಬರೆಯುವುದು 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ. ಉಬುಂಟುವಿನದು 2008ರಲ್ಲಿ ಲಿನಕ್ಸಿಗೆ ಸೇರಿದ ಇಎಕ್ಸ್‌ಟಿ4. ವಿಂಡೋಸ್‌ಗೆ ಈ ಎರಡನೆಯದು ತಾನಾಗಿ ಓದಲು ಬರುವುದಿಲ್ಲ. ಕೆಲವೊಮ್ಮೆ 'ಫಾರ್ಮ್ಯಾಟ್ ಮಾಡಲಾ?' ಎಂದು ಕೇಳುತ್ತದೆ. ಹ್ಞೂಂ ಅಂದಿರೋ, ಅದರಲ್ಲಿದ್ದ ಫೈಲೆಲ್ಲ ಅಳಿಸಿಹೋಗಿ ಕೆಟ್ಟಿರಿ. ಲಿನಕ್ಸ್ ಮಾತ್ರ ಎರಡನ್ನೂ ಓದುತ್ತದೆ, ಬರೆಯುತ್ತದೆ. ಹಾಗಾಗಿ ಇಬ್ಬರಿಗೂ ಬೇಕಾದ ಫೈಲುಗಳಿಗೆ ಎನ್‌ಟಿಎಫ್‌ಎಸ್‌ನಲ್ಲೇ ಬೇರೆ ಒಂದು ಪಾರ್ಟಿಶನ್ (ಬೇರೆ ಡ್ರೈವಿನಂತೆ ಕಾಣುವ ಡಿಸ್ಕಿನ ಭಾಗ) ಮಾಡಿಟ್ಟುಕೊಳ್ಳುವುದು ವಾಸಿ.

ಇಷ್ಟಾದರೂ ಒಂದು ದಿನ ಉಬುಂಟು ಆ ಡ್ರೈವಿಗೆ ಏನನ್ನೂ ಬರೆಯುವುದಿಲ್ಲ ಎಂದು ಹಟ ಹಿಡಿಯುತ್ತದೆ. ಎಷ್ಟೋ ಸಲ ಡ್ರೈವನ್ನು ತೆರೆಯುವುದೇ ಇಲ್ಲ. ಎಲ್ಲರೂ ಉಬುಂಟುವನ್ನು ಬೈಯುತ್ತಾರೆ. ನನ್ನ ಪ್ರಕಾರ ತಪ್ಪು ಅದರದ್ದಲ್ಲ.

ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದೆ. ಅದು ಆನ್ ಇದ್ದರೆ, ಶಟ್‌ಡೌನ್ ಒತ್ತಿದಾಗ ನಾವು ತೆರೆದಿದ್ದ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸಿನ ಒಳಗಿನ ಕರ್ನಲ್, ಅಂದರೆ ಅದರ ತಿರುಳು, ನಿಜವಾಗಿ ಮುಚ್ಚುವುದಿಲ್ಲ. ತನ್ನ ಸ್ಥಿತಿಯನ್ನು ಹೈಬರ್‌ಫಿಲ್ ಎಂಬ ಫೈಲಿನಲ್ಲಿ ಬರೆದಿಟ್ಟು ಮಲಗುತ್ತದೆ. ಮುಂದಿನ ಸಲ ಬೇಗ ಏಳಬೇಕಲ್ಲ! ಅಂದರೆ ಲೆಕ್ಕ ಅರ್ಧಕ್ಕೇ ನಿಂತಿದೆ, ಉಳಿದದ್ದು ಗುಮಾಸ್ತನ ತಲೆಯಲ್ಲಿದೆ. ಆ ಹೊತ್ತಿನಲ್ಲಿ ಇನ್ನೊಬ್ಬ ಬಂದು ಅದೇ ಪುಸ್ತಕದಲ್ಲಿ ಬರೆದರೆ, ಗುಮಾಸ್ತ ಎದ್ದು ತನ್ನ ಹಳೆ ನೆನಪಿನಂತೆ ಲೆಕ್ಕ ಮುಂದುವರಿಸುತ್ತಾನೆ. ಇಬ್ಬರ ಫೈಲೂ ಹಾಳು. ಉಬುಂಟು ಬರೆಯದೆ ದೂರ ನಿಲ್ಲುವುದು ಇದಕ್ಕೇ. ಬಲವಂತವಾಗಿ ಬರೆಸುವ ಕಮಾಂಡುಗಳೂ ಸಿಗುತ್ತವೆ. ದಯವಿಟ್ಟು ಬೇಡ.

ಪರಿಹಾರ ಸುಲಭ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆಯಿರಿ. ಅರ್ಜೆಂಟಿದ್ದರೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ. ರೀಸ್ಟಾರ್ಟ್‌ನಲ್ಲಿ ವಿಂಡೋಸ್ ಪೂರ್ತಿ ಮುಚ್ಚಿಯೇ ಮತ್ತೆ ಏಳುತ್ತದೆ. ವಿಚಿತ್ರ ಅಲ್ವಾ?

ಪೆನ್‌ಡ್ರೈವ್ ಸಾಕು ಅನ್ನುವವರೂ ಇದ್ದಾರೆ. ಅದರ ಫೈಲ್ ಸಿಸ್ಟಂ ಫ್ಯಾಟ್32 ಆಗಿದ್ದರೆ 4 ಜಿಬಿ ಮುಟ್ಟುವ ಫೈಲ್ ಹಿಡಿಯುವುದಿಲ್ಲ. ಮಂಡ್ಯದ ಸ್ಟುಡಿಯೋದವರು ಕೊಟ್ಟ ಮದುವೆ ವಿಡಿಯೋ ಅಲ್ಲಿಗೇ ನಿಂತುಹೋಗುತ್ತದೆ. ಎಕ್ಸ್‌ಫ್ಯಾಟ್‌ಗೆ ಆ ಮಿತಿ ಇಲ್ಲ, ಎರಡೂ ಕಡೆ ನಡೆಯುತ್ತದೆ. ಆದರೆ ಬರೆಯುವ ಮುಂಚೆ ಟಿಪ್ಪಣಿ ಇಟ್ಟುಕೊಳ್ಳುವ ಜರ್ನಲ್ ಅದಕ್ಕಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ನಡುವೆ ಕರೆಂಟ್ ಹೋದರೆ ರಿಪೇರಿ ಕಷ್ಟ.

ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ವಿಷಯ. ಇಎಕ್ಸ್‌ಟಿ4ನಲ್ಲಿ ಫೈಲ್ ಹೆಸರು 255 ಬೈಟ್ ಮೀರುವಂತಿಲ್ಲ. 'ಮೈಸೂರು' ಎಂಬಲ್ಲಿ ಅಕ್ಷರ, ಗುಣಿತದ ಚಿಹ್ನೆ ಬಿಡಿಸಿ ಎಣಿಸಿದರೆ 6 ಸಂಕೇತ. ಲಿನಕ್ಸಿನಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 18. ಹೀಗೆ 85 ಸಂಕೇತಕ್ಕೇ ಜಾಗ ಮುಗಿಯುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಇಂಥ 255 ಕನ್ನಡ ಸಂಕೇತ ಹಿಡಿಯುತ್ತವೆ. ವಿಂಡೋಸಿನಲ್ಲಿ ಉದ್ದುದ್ದ ಹೆಸರಿಟ್ಟ ಫೈಲ್ ಉಬುಂಟುವಿಗೆ ಕಾಪಿ ಆಗದಿದ್ದರೆ ಮೊದಲು ಹೆಸರನ್ನು ಮೊಟಕು ಮಾಡಿ ನೋಡಿ.

ಇನ್ನು ಅಪ್ಪನ ಪತ್ರ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದರೆ ಫೈಲ್ ಸರಿಯಾಗಿಯೇ ತೆರೆದುಕೊಳ್ಳುತ್ತದೆ, ಕಾಣುವುದು ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದಕ್ಕೆ ಯಾವ ಪಾರ್ಟಿಶನ್ನೂ ಕಾರಣವಲ್ಲ. ಆ ಫಾಂಟನ್ನು ಉಬುಂಟುವಿಗೂ ಹಾಕಿಕೊಳ್ಳಬೇಕು, ಇಲ್ಲವೇ ಪತ್ರವನ್ನು ಎಲ್ಲ ಭಾಷೆಗೂ ಒಂದೇ ಸಂಕೇತ ಪದ್ಧತಿಯಾದ ಯುನಿಕೋಡ್‌ಗೆ ಬದಲಿಸಿಕೊಳ್ಳಬೇಕು.