ಆಗ್ನೆಸ್ ಕ್ಲಾರ್ಕ್: ವೀಕ್ಷಣಾಲಯದ ಹೊರಗಿನಿಂದ ಖಗೋಳ ಚರಿತ್ರೆ ಬರೆದವರು

ಹತ್ತೊಂಬತ್ತನೆಯ ಶತಮಾನದ ಖಗೋಳವಿಜ್ಞಾನದ ಚರಿತ್ರೆಯನ್ನು ಸಾಮಾನ್ಯ ಓದುಗರಿಗಾಗಿ ಬರೆದ ಇಂಗ್ಲಿಷ್ ಪುಸ್ತಕವೊಂದು 1885ರಲ್ಲಿ ಪ್ರಕಟವಾಯಿತು. ಖಗೋಳ ವಲಯದಲ್ಲಿ ಅದರ ಲೇಖಕಿಯ ಪರಿಚಯ ಇದ್ದವರು ವಿರಳ. ಆಗ್ನೆಸ್ ಮೇರಿ ಕ್ಲಾರ್ಕ್ ಶಾಲೆಗೆ ಹೋದವರಲ್ಲ, ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ, ಯಾವ ವೀಕ್ಷಣಾಲಯದಲ್ಲೂ ಕೆಲಸ ಮಾಡಿದವರಲ್ಲ. ಹಾಗಿದ್ದೂ ಆ ಪುಸ್ತಕ 1887, 1893 ಮತ್ತು 1902ರಲ್ಲಿ ಮತ್ತೆ ಮತ್ತೆ ಪರಿಷ್ಕರಣೆಗೊಂಡು ನಾಲ್ಕು ಆವೃತ್ತಿಗಳನ್ನು ಕಂಡಿತು. ವಿಜ್ಞಾನದ ಚರಿತ್ರಕಾರರು ಆ ಕಾಲದ ಖಗೋಳವಿಜ್ಞಾನದ ಬಗ್ಗೆ ಬರೆಯುವಾಗ ಇಂದಿಗೂ ಅದನ್ನು ತೆಗೆದು ನೋಡುತ್ತಾರೆ.

ಕ್ಲಾರ್ಕ್ ಹುಟ್ಟಿದ್ದು 1842ರ ಫೆಬ್ರವರಿ 10ರಂದು, ಐರ್ಲೆಂಡಿನ ಕಾರ್ಕ್ ಕೌಂಟಿಯ ಸ್ಕಿಬ್ಬರೀನ್ ಎಂಬ ಪುಟ್ಟ ಊರಿನಲ್ಲಿ. ಅವರಿಗೆ ನಾಲ್ಕು ತುಂಬುವ ಮೊದಲೇ ಶುರುವಾದ ಆಲೂಗಡ್ಡೆ ಕ್ಷಾಮವು ಐರ್ಲೆಂಡಿನಲ್ಲಿ ಅತಿ ಭೀಕರವಾಗಿ ಅಪ್ಪಳಿಸಿದ ಊರುಗಳಲ್ಲಿ ಅದೂ ಒಂದು. ತಂದೆ ಜಾನ್ ವಿಲಿಯಂ ಕ್ಲಾರ್ಕ್ ಬ್ಯಾಂಕ್ ಮ್ಯಾನೇಜರು. ಓದಿದ್ದು ಪ್ರಾಚೀನ ಭಾಷೆಗಳನ್ನಾದರೂ ಒಲವು ಇದ್ದದ್ದು ವಿಜ್ಞಾನದತ್ತ. ಮನೆಯ ತೋಟದಲ್ಲಿ ಅವರು ನಾಲ್ಕು ಅಂಗುಲದ ದೂರದರ್ಶಕವೊಂದನ್ನು ನಿಲ್ಲಿಸಿದ್ದರು. ನಕ್ಷತ್ರಗಳು ಮಧ್ಯಾಹ್ನರೇಖೆಯನ್ನು (ಆಕಾಶದಲ್ಲಿ ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ಕಲ್ಪಿತ ಗೆರೆಯನ್ನು) ದಾಟುವ ಕ್ಷಣವನ್ನು ಗುರುತಿಸಿ, ಗಡಿಯಾರವನ್ನು ಸರಿಹೊಂದಿಸಿ, ಊರಿಗೆ ನಿಖರವಾದ ಸಮಯ ಒದಗಿಸುತ್ತಿದ್ದವರೂ ಅವರೇ. ಮಕ್ಕಳಾದ ಎಲೆನ್, ಆಗ್ನೆಸ್ ಮತ್ತು ಆಬ್ರಿ ಅದೇ ದೂರದರ್ಶಕದಲ್ಲಿ ಶನಿಯ ಬಳೆಗಳನ್ನೂ ಗುರುವಿನ ಉಪಗ್ರಹಗಳನ್ನೂ ಕಂಡರು. ಹನ್ನೊಂದು ತುಂಬುವುದರೊಳಗೆ ಆಗ್ನೆಸ್ ಸರ್ ಜಾನ್ ಹರ್ಷೆಲರ ಖಗೋಳ ಗ್ರಂಥವನ್ನು ಓದಿ ಮುಗಿಸಿದ್ದರು. ಹದಿನೈದರ ಹೊತ್ತಿಗೆ ತಾವೇ ಖಗೋಳವಿಜ್ಞಾನದ ಚರಿತ್ರೆಯೊಂದನ್ನು ಬರೆಯತೊಡಗಿದ್ದರು.

ಸ್ವಯಂಕಲಿಕೆ ಎಂದರೆ ಒಂಟಿಯಾಗಿ ಕಲಿಯುವುದೆಂದು ತಿಳಿಯಬೇಕಿಲ್ಲ. ಬೇಕಾದ ಪುಸ್ತಕಗಳು, ಹೇಳಿಕೊಡಬಲ್ಲ ತಂದೆ, ಜೊತೆಗೆ ಓದುವ ಅಕ್ಕ ಎಲ್ಲವೂ ಆ ಮನೆಯಲ್ಲಿ ಇದ್ದುದರಿಂದಲೇ ಅದು ಸಾಧ್ಯವಾಯಿತು. ಕೇಂಬ್ರಿಜ್‌ನ ಹೆಣ್ಣುಮಕ್ಕಳ ಗರ್ಟನ್ ಕಾಲೇಜು ಆರಂಭವಾದದ್ದೇ 1869ರಲ್ಲಿ; ಅಲ್ಲಿ ಓದಿದವರಿಗೂ ಆ ವಿಶ್ವವಿದ್ಯಾಲಯ ಪೂರ್ಣ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. 1867ರಲ್ಲಿ ಇಟಲಿಗೆ ಹೊರಟ ಸೋದರಿಯರು ಸುಮಾರು ಹತ್ತು ವರ್ಷ ಅಲ್ಲೇ ಉಳಿದರು. ಅದರಲ್ಲಿ ಬಹುಕಾಲ ಕಳೆದದ್ದು ಫ್ಲಾರೆನ್ಸಿನಲ್ಲಿ. ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಆಗ್ನೆಸ್ ವಿಜ್ಞಾನದ ಚರಿತ್ರೆಯನ್ನು ಮೂಲಗ್ರಂಥಗಳಿಂದಲೇ ಓದಿದರು. 1877ರಲ್ಲಿ ಕುಟುಂಬ ಲಂಡನ್ನಿನಲ್ಲಿ ನೆಲೆಸಿತು. ಅದೇ ವರ್ಷ, ಕೊಪರ್ನಿಕಸ್ ಇಟಲಿಯಲ್ಲಿದ್ದ ದಿನಗಳ ಕುರಿತ ಆಗ್ನೆಸ್ ಅವರ ಲೇಖನ ಎಡಿನ್‌ಬರೋ ರಿವ್ಯೂ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರು ಬರವಣಿಗೆಗೆ ಇಳಿದ ಕಾಲವೂ ಮುಖ್ಯ. 1859ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಕಿರ್ಖಾಫ್ ಮತ್ತು ಬುನ್ಸೆನ್ ಸೂರ್ಯನ ಬೆಳಕಿನ ರೋಹಿತದಲ್ಲಿನ (ಬಣ್ಣಗಳಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿನ) ಗೆರೆಗಳನ್ನು ಭೂಮಿಯ ಮೇಲಿನ ಧಾತುಗಳೊಂದಿಗೆ ಹೊಂದಿಸಿ ತೋರಿಸಿದ ಮೇಲೆ, ಗ್ರಹಗಳ ಚಲನೆಯ ಲೆಕ್ಕವೇ ಪ್ರಧಾನವಾಗಿದ್ದ ಶಾಸ್ತ್ರವು ನಕ್ಷತ್ರಗಳು ಯಾವುದರಿಂದ ಆಗಿವೆ ಎಂಬ ಪ್ರಶ್ನೆಯತ್ತ ಹೊರಳಿತು. ಇದಕ್ಕೊಂದು ಉದಾಹರಣೆ ನಮ್ಮ ನೆಲದಲ್ಲೇ ಇದೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣವನ್ನು ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ವೀಕ್ಷಿಸಿದರೆ, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಅದನ್ನು ನೋಡಲು ರೋಹಿತದರ್ಶಕ ಹಿಡಿದು ನಿಂತಿದ್ದವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಬಾಲಕಿ ಆಗ್ನೆಸ್ ಓದಿದ್ದ ಗ್ರಂಥದ ಕರ್ತೃವಿನ ಮಗನೇ ಅವರು. ಮೋಡಗಳು ಕಾಡಿದ ಆ ಗ್ರಹಣದ ನಡುವೆ, ಸೂರ್ಯನ ಅಂಚಿನಿಂದ ಚಾಚಿದ್ದ ಜ್ವಾಲೆಯ ರೋಹಿತದಲ್ಲಿ ಅವರಿಗೆ ಪ್ರಕಾಶಮಾನವಾದ ಗೆರೆಗಳು ಕಂಡವು. ಆ ಜ್ವಾಲೆಗಳು ಕಾದು ಹೊಳೆಯುವ ಅನಿಲ ಎಂಬುದು ಹಾಗೆ ಖಚಿತವಾಯಿತು. ಅವುಗಳ ರೋಹಿತದಲ್ಲಿದ್ದ ಒಂದು ಹಳದಿ ಗೆರೆ ಯಾವ ಪರಿಚಿತ ಧಾತುವಿಗೂ ಹೊಂದಲಿಲ್ಲ. ಅದಕ್ಕೆ ಹೀಲಿಯಂ ಎಂಬ ಹೆಸರು ಬಂತು. ಭೂಮಿಯ ಮೇಲೆ ಬ್ರಿಟಿಷ್ ರಸಾಯನವಿಜ್ಞಾನಿ ರ‍್ಯಾಮ್ಸೇ ಅದನ್ನು ಪತ್ತೆ ಹಚ್ಚಿದ್ದು 1895ರಲ್ಲಿ. ಅಂದರೆ ಕ್ಲಾರ್ಕ್ ಪುಸ್ತಕದ ಮೂರನೆಯ ಆವೃತ್ತಿಗೂ ನಾಲ್ಕನೆಯದಕ್ಕೂ ನಡುವೆ.

ಇಷ್ಟು ವೇಗವಾಗಿ ಬದಲಾಗುತ್ತಿದ್ದ ಶಾಸ್ತ್ರದಲ್ಲಿ ಪ್ರತಿಯೊಬ್ಬ ವೀಕ್ಷಕನಿಗೂ ತನ್ನ ಪಾಲಿನ ಆಕಾಶ ಮಾತ್ರ ಗೊತ್ತಿತ್ತು. ಎಲ್ಲರ ವರದಿಗಳನ್ನೂ ಹಲವು ಭಾಷೆಗಳಲ್ಲಿ ಓದಿ, ಒಂದರ ಪಕ್ಕ ಇನ್ನೊಂದನ್ನಿಟ್ಟು, ಎಲ್ಲಿ ಒಪ್ಪಿಗೆ ಇದೆ, ಎಲ್ಲಿ ಇಲ್ಲ ಎಂದು ಹೇಳುವವರು ಬೇಕಾಗಿತ್ತು. ಕ್ಲಾರ್ಕ್ ಮಾಡಿದ್ದು ಈ ಕೆಲಸವನ್ನು. ಅದನ್ನು ಬರಿಯ ಜನಪ್ರಿಯ ಬರವಣಿಗೆ ಎಂದು ಬದಿಗಿಡುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. 1888ರಲ್ಲಿ ಅವರು ದಕ್ಷಿಣ ಆಫ್ರಿಕಾದ ಕೇಪ್ ವೀಕ್ಷಣಾಲಯದಲ್ಲಿ ಅದರ ಮುಖ್ಯಸ್ಥ ಡೇವಿಡ್ ಗಿಲ್ ದಂಪತಿಯ ಅತಿಥಿಯಾಗಿ ಎರಡು-ಮೂರು ತಿಂಗಳು ಇದ್ದು, ದಕ್ಷಿಣಾಕಾಶದ ನಕ್ಷತ್ರಗಳ ರೋಹಿತಗಳನ್ನು ಸ್ವತಃ ನೋಡಿ ಬಂದರು. ಆದರೂ ವೀಕ್ಷಕರಲ್ಲದವರು ಸಿದ್ಧಾಂತಗಳ ತೂಕ ನೋಡುವುದೇ ಎಂಬ ಅಸಮಾಧಾನ ಇದ್ದೇ ಇತ್ತು. ಉಲ್ಕಾಕಣಗಳಿಂದಲೇ ಆಕಾಶಕಾಯಗಳೆಲ್ಲ ರೂಪುಗೊಂಡವೆಂಬ ಇಂಗ್ಲಿಷ್ ಖಗೋಳವಿಜ್ಞಾನಿ ನಾರ್ಮನ್ ಲಾಕಿಯರ್ ಅವರ ವಾದವನ್ನು ಕ್ಲಾರ್ಕ್ ಒಪ್ಪಲಿಲ್ಲ. ಲಾಕಿಯರ್ ಸಂಪಾದಿಸುತ್ತಿದ್ದ ನೇಚರ್ ಪತ್ರಿಕೆ ಕ್ಲಾರ್ಕ್ ಅವರ ಪುಸ್ತಕಗಳನ್ನು ಕಟುವಾಗಿಯೇ ವಿಮರ್ಶಿಸಿತು.

ಅವರ ತೀರ್ಪುಗಳೆಲ್ಲ ಉಳಿಯಲಿಲ್ಲ. ದೂರದರ್ಶಕದಲ್ಲಿ ಮಂಜಿನ ತುಣುಕುಗಳಂತೆ ಕಾಣುವ ನೀಹಾರಿಕೆಗಳು ಆಕಾಶಗಂಗೆಯ ಆಚೆಗಿನ ಬೇರೆ ನಕ್ಷತ್ರಲೋಕಗಳೇ ಎಂಬ ಪ್ರಶ್ನೆಯನ್ನು ಇನ್ನು ಚರ್ಚಿಸುವ ಅಗತ್ಯವೇ ಇಲ್ಲವೆಂದು 1890ರಲ್ಲಿ ಅವರು ಬರೆದರು. ಆ ಮಾತನ್ನು ಇಂದು ತಮಾಷೆಗೆ ಉದ್ಧರಿಸುವವರು ಅಂದಿನ ಸಾಕ್ಷ್ಯಗಳನ್ನೂ ನೋಡಬೇಕು. ಕೆಲವು ನೀಹಾರಿಕೆಗಳು ಅನಿಲವೆಂದು ಇಂಗ್ಲಿಷ್ ಖಗೋಳವಿಜ್ಞಾನಿ ವಿಲಿಯಂ ಹಗ್ಗಿನ್ಸ್ 1864ರಲ್ಲೇ ತೋರಿಸಿದ್ದರು. 1885ರಲ್ಲಿ ಆಂಡ್ರೊಮಿಡಾ ನೀಹಾರಿಕೆಯೊಳಗೆ ಹೊಸ ನಕ್ಷತ್ರವೊಂದು ಬೆಳಗಿತು. ಆ ನೀಹಾರಿಕೆ ಅಷ್ಟು ದೂರದ್ದಾದರೆ ಆ ಒಂದೇ ನಕ್ಷತ್ರ ಕೋಟ್ಯಂತರ ಸೂರ್ಯರಷ್ಟು ಪ್ರಖರವಾಗಿರಬೇಕಾಗುತ್ತಿತ್ತು. ಸೂಪರ್‌ನೋವಾ (ಸಿಡಿದು ಬೆಳಗುವ ನಕ್ಷತ್ರ) ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ ಅದನ್ನು ನಂಬುವುದು ಕಷ್ಟವಾಗಿತ್ತು. ಅಮೆರಿಕದ ಖಗೋಳವಿಜ್ಞಾನಿ ಹಬಲ್ ಆಂಡ್ರೊಮಿಡಾದ ದೂರವನ್ನು ಅಳೆದು, ಅದು ಆಕಾಶಗಂಗೆಯ ಆಚೆಗಿನದೇ ಎಂದು ತೋರಿಸಿ ಈ ವಾದವನ್ನು ಬಗೆಹರಿಸಿದ್ದು 1920ರ ದಶಕದಲ್ಲಿ.

ರಾಯಲ್ ಇನ್‌ಸ್ಟಿಟ್ಯೂಷನ್ ಕ್ಲಾರ್ಕ್ ಅವರಿಗೆ ನೂರು ಗಿನಿಗಳ ಆಕ್ಟೋನಿಯನ್ ಬಹುಮಾನ ನೀಡಿತು. 1890ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಅಸ್ಟ್ರೊನಾಮಿಕಲ್ ಅಸೋಸಿಯೇಷನ್ ಮೊದಲಿನಿಂದಲೂ ಮಹಿಳೆಯರನ್ನು ಸೇರಿಸಿಕೊಂಡಿತು. ಆದರೆ ರಾಯಲ್ ಅಸ್ಟ್ರೊನಾಮಿಕಲ್ ಸೊಸೈಟಿಯ ಬಾಗಿಲು ಮುಚ್ಚಿಯೇ ಇತ್ತು: 1892ರಲ್ಲಿ ಎಲಿಜಬೆತ್ ಬ್ರೌನ್, ಆಲಿಸ್ ಎವರೆಟ್ ಮತ್ತು ಆ್ಯನಿ ರಸೆಲ್ ಅವರ ಹೆಸರುಗಳು ಫೆಲೋ ಸ್ಥಾನಕ್ಕೆ ಸೂಚಿತವಾಗಿ ಮತದಾನದಲ್ಲಿ ಸೋತವು. ಅವರಲ್ಲಿ ರಸೆಲ್ ಗ್ರೀನಿಚ್ ವೀಕ್ಷಣಾಲಯದಲ್ಲಿ ಅತ್ಯಲ್ಪ ಸಂಬಳಕ್ಕೆ ಗಣನೆ ಮಾಡುತ್ತಿದ್ದವರು. 1895ರಲ್ಲಿ ಮದುವೆಯಾದಾಗ ಆ ಕೆಲಸವನ್ನೂ ಬಿಡಬೇಕಾಯಿತು. 1903ರಲ್ಲಿ ಸೊಸೈಟಿಯು ಕ್ಲಾರ್ಕ್ ಅವರನ್ನೂ ಮಾರ್ಗರೆಟ್ ಹಗ್ಗಿನ್ಸ್ ಅವರನ್ನೂ ಗೌರವ ಸದಸ್ಯರನ್ನಾಗಿಸಿತು. ಅದಕ್ಕೂ ಹಿಂದೆ ಆ ಗೌರವ ಪಡೆದಿದ್ದ ಮಹಿಳೆಯರು ಮೂವರೇ: ಕ್ಯಾರೊಲಿನ್ ಹರ್ಷೆಲ್, ಮೇರಿ ಸೊಮರ್ವಿಲ್ ಮತ್ತು ಆ್ಯನ್ ಶೀಪ್‌ಶ್ಯಾಂಕ್ಸ್.

ಅಕ್ಕ ಎಲೆನ್ 1906ರಲ್ಲಿ ತೀರಿಕೊಂಡರು. 1907ರ ಜನವರಿ 20ರಂದು ಲಂಡನ್ನಿನಲ್ಲಿ ಆಗ್ನೆಸ್ ನಿಧನರಾದರು. ಸೊಸೈಟಿ ಮೊದಲ ಬಾರಿಗೆ ಮಹಿಳೆಯರನ್ನು ಪೂರ್ಣ ಫೆಲೋಗಳಾಗಿ ಆಯ್ಕೆ ಮಾಡಿದ್ದು ಅದಾಗಿ ಒಂಬತ್ತು ವರ್ಷಗಳ ನಂತರ, 1916ರಲ್ಲಿ. 24 ವರ್ಷಗಳ ಹಿಂದೆ ತಿರಸ್ಕೃತರಾಗಿದ್ದ ಆ್ಯನಿ ರಸೆಲ್ ಕೂಡ ಅದೇ ವರ್ಷ ಆಯ್ಕೆಯಾದರು.